ಗಾಜಿನ ಮೇಲಿನ ವಿಭೂತಿ

ಕಂಪ್ಯೂಟರ್ ರಿಪೇರಿ ಕಲಿಯಲು ಹೊರಟ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ನೀವು ಯಾವ ಕೋರ್ಸ್ ಮಾಡಿದ್ರಿ?" ನಾನು ಮಾಡಿದ ಕೋರ್ಸಿನ ಹೆಸರು ಸೀಮೆಎಣ್ಣೆ. ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿ ನಮ್ಮ ಯಜಮಾನರು ವೀರಭದ್ರಪ್ಪನವರ ಟೈಪ್‌ರೈಟರ್ ರಿಪೇರಿ ಅಂಗಡಿಯಿತ್ತು. ಅಲ್ಲಿ ನನ್ನ ಮೊದಲ ಎರಡು ವರ್ಷ ಕಳೆದದ್ದು ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅಕ್ಷರದ ಅಚ್ಚುಗಳನ್ನು ತಿಕ್ಕುವುದರಲ್ಲಿ. ಮನೆಗೆ ಹೋದರೆ ನನ್ನ ಹೆಂಡತಿ ಪಾರ್ವತಿ ದೀಪ ಹಚ್ಚುವ ಮೊದಲು ನನ್ನನ್ನು ದೂರ ಕೂರಿಸುತ್ತಿದ್ದಳು.

ಯಜಮಾನರು ಹೆಚ್ಚು ಮಾತಾಡುವವರಲ್ಲ. ಆದರೆ ಒಂದು ಕಟ್ಟಳೆ ಮಾತ್ರ ದಿನಕ್ಕೊಮ್ಮೆ ಹೇಳುತ್ತಿದ್ದರು: "ಮಿಷನ್ ಬಿಚ್ಚಕ್ಕೆ ಮುಂಚೆ ಅದರ ಮುಂದೆ ಕೂರೋರ ಕೈಲಿ ಒಂದು ಸಾಲು ಹೊಡ್ಸು ಕಣ್ಲಾ. ಮಿಷನ್ ನೋಡ್ಬ್ಯಾಡ, ಅವರನ್ನ ನೋಡು." ನನಗೆ ಇದು ಮುದುಕರ ಗೊಣಗಾಟವಾಗಿ ಕೇಳುತ್ತಿತ್ತು. ಒಮ್ಮೆ ತುರುವೇಕೆರೆಯ ಕಚೇರಿಯೊಂದರಲ್ಲಿ ಇಂಗ್ಲಿಷ್ ಮಿಷನ್ನಿನ 'ಎ' ಅಕ್ಷರ ಬೀಳುತ್ತಿಲ್ಲವೆಂದು ಕರೆಸಿದರು. ನಾನು ಹೋದವನೇ ಇಡೀ ಮಿಷನ್ ಬಿಚ್ಚಿ ಮೇಜಿನ ತುಂಬ ಹರಡಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿಸಿದೆ. 'ಎ' ಬೀಳಲಿಲ್ಲ. ಮತ್ತೆ ಬಿಚ್ಚಿದೆ. ಮಾರನೆಯ ದಿನ ಯಜಮಾನರೇ ಬಸ್ಸು ಹತ್ತಿ ಬಂದರು. ಟೈಪಿಸ್ಟ್ ಹೆಂಗಸನ್ನು ಕೂರಿಸಿ ಒಂದು ಸಾಲು ಹೊಡೆಸಿದರು. ಆಕೆಯ ಎಡಗೈ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ವಾರ ಕಾಯಿ ತುರಿಯುವಾಗ ಮಣೆಗೆ ಸಿಕ್ಕಿ ಕುಯ್ದುಕೊಂಡಿತ್ತಂತೆ. 'ಎ' ಹೊಡೆಯುವುದು ಅದೇ ಬೆರಳಿನಲ್ಲಿ. ಬಸ್ಸಿನಲ್ಲಿ ವಾಪಸ್ ಬರುವಾಗ ಯಜಮಾನರು ದಾರಿ ಪೂರ್ತಿ ನನ್ನ ಕಡೆ ನೋಡದೆ ಕಿಟಕಿಯಾಚೆ ನೋಡುತ್ತ ನಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ತೊಂಬತ್ತರ ದಶಕದ ಮಧ್ಯದಲ್ಲಿ ಟೈಪ್‌ರೈಟರ್‌ಗಳು ಒಂದೊಂದಾಗಿ ಅಟ್ಟ ಸೇರಿದವು. ಯಜಮಾನರು ಅಂಗಡಿಯನ್ನು ನನ್ನ ಕೈಗಿಟ್ಟು ಮನೆಯಲ್ಲಿ ಕುಳಿತರು. ನಾನು ಬೋರ್ಡಿಗೆ 'ಮತ್ತು ಕಂಪ್ಯೂಟರ್' ಎಂದು ಬರೆಸಿದೆ. ಕಲಿತದ್ದು ಆಮೇಲೆ.

ಕಲಿಯುವ ಮೊದಲು ಮಾಡಿದ ಘನಕಾರ್ಯವನ್ನು ಮುಚ್ಚಿಡುವುದಿಲ್ಲ. ಚಿಕ್ಕನಾಯಕನಹಳ್ಳಿಯ ವಕೀಲರೊಬ್ಬರು ಕೀಬೋರ್ಡಿನ ಗುಂಡಿಗಳು ಬಿಗಿಯಾಗಿವೆ ಎಂದರು. ಬಿಗಿಯಾದದ್ದಕ್ಕೆ ನನಗೆ ಗೊತ್ತಿದ್ದ ಔಷಧಿ ಒಂದೇ. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಪ್ರತಿ ಗುಂಡಿಯ ಸಂದಿಗೂ ಎರಡೆರಡು ತೊಟ್ಟು ಬಿಟ್ಟೆ. ಆ ದಿನ ಗುಂಡಿಗಳು ಬೆಣ್ಣೆಯ ಹಾಗೆ ಇಳಿದವು. ವಕೀಲರು ಸಂತೋಷದಿಂದ ಕಾಫಿ ಕೊಡಿಸಿದರು. ಮಾರನೆಯ ದಿನದಿಂದ ಒಂದು ಗುಂಡಿ ಒತ್ತಿದರೆ ಐದು ಅಕ್ಷರ ಬೀಳತೊಡಗಿದವು. ಅವರು ಸಿಟ್ಟಿಗೆದ್ದು ನನಗೊಂದು ನೋಟಿಸ್ ಕೊಡಲು ಕುಳಿತರಂತೆ. ಆ ಕೀಬೋರ್ಡಿನಲ್ಲಿ ನೋಟಿಸ್ ಬರೆಯಲಾಗದೆ ನಾನು ಬಚಾವಾದೆ.

ಆಮೇಲೆ ಬೆಂಗಳೂರಿಗೆ ಹೋಗಿ ಮೂರು ತಿಂಗಳು ನೆಟ್ಟಗೆ ಕಲಿತು ಬಂದೆ. ವಾಪಸಾದ ಮೇಲೆ ಮೊದಲ ದೊಡ್ಡ ಕರೆ ಬಂದದ್ದು ಹುಳಿಯಾರಿನ ಒಂದು ಫೋಟೋ ಸ್ಟುಡಿಯೋದಿಂದ. "ಬಣ್ಣ ಬಳಿಯೋ ಪ್ರೋಗ್ರಾಮ್ ಸತ್ತೋಯ್ತು ಗಂಗಣ್ಣ, ನಾನೇ ಕೈಯಾರೆ ಕೊಂದ್ಬುಟ್ಟೆ" ಎಂದು ಸ್ಟುಡಿಯೋದವನು ಫೋನಿನಲ್ಲಿ ಗೋಳಾಡಿದ. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಹೋದೆ. ಅವನು ಅಳಿಸಿದ್ದು ಪರದೆಯ ಮೇಲಿನ ಐಕಾನ್ ಚಿತ್ರವನ್ನು ಮಾತ್ರ. ಪ್ರೋಗ್ರಾಮು ಒಳಗೆ ಗಟ್ಟಿಮುಟ್ಟಾಗಿ ಕುಳಿತಿತ್ತು. ಅಂಗಡಿಯ ಬೋರ್ಡು ಕಿತ್ತರೆ ಅಂಗಡಿ ಹೋಗುತ್ತದೆಯೇ? ಚಿತ್ರವನ್ನು ಮತ್ತೆ ಎಳೆದು ಇಡಲು ಹಿಡಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟು ಬೇಗ ಆಯಿತೆಂದು ತೋರಿಸಿದರೆ ನನಗೂ ಅವನಿಗೂ ಮರ್ಯಾದೆಯಲ್ಲವೆಂದು ಅರ್ಧ ಗಂಟೆ ಪೆಟ್ಟಿಗೆಯ ಹಿಂದಿನ ತಂತಿಗಳನ್ನು ಒರೆಸುತ್ತ ಕುಳಿತಿದ್ದೆ.

ಆದರೆ ಚಿತ್ರ ಹೋಗುವುದು ಬೇರೆ, ಒಳಗಿನ ಸಾಮಾನೇ ಹೋಗುವುದು ಬೇರೆ. ಅದು ನನಗೆ ಸರಿಯಾಗಿ ತಿಳಿದದ್ದು ರುದ್ರಯ್ಯನವರಿಂದ.

ತುರುವೇಕೆರೆ ರಸ್ತೆಯಲ್ಲಿ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಿತ್ತು. ಅದರ ಕಚೇರಿಯ ಮೂರು ಕಂಪ್ಯೂಟರ್‌ಗಳನ್ನು ತಿಂಗಳಿಗೊಮ್ಮೆ ನೋಡಿಕೊಳ್ಳುವ ಹೊಣೆ ನನ್ನದು. ರುದ್ರಯ್ಯನವರು ಅಲ್ಲಿಯ ಗುಮಾಸ್ತರು. ಪುಡಿ ತುಂಬಿದ ಪ್ರತಿ ಚೀಲಕ್ಕೂ ಅಂಟಿಸುವ ಲೇಬಲ್ ಅವರ ಕೈಯಿಂದ ಬರಬೇಕು. ತಯಾರಾದ ದಿನ, ಬ್ಯಾಚ್ ಸಂಖ್ಯೆ, ಹೋಗುವ ಊರು. ಒಂದು ಅಂಕಿ ತಪ್ಪಿದರೆ ಇಡೀ ಲಾರಿ ವಾಪಸ್. ಹಣೆಯ ತುಂಬ ಮೂರು ಬೆರಳಿನ ವಿಭೂತಿ, ತೊಳೆದ ಬಿಳಿ ಷರಟು, ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಟೈಪ್‌ರೈಟರ್ ಕಾಲದಿಂದ ನನಗೆ ಪರಿಚಯ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಕೊನೆಗೆ ಕ್ಯಾಂಟೀನಿನಲ್ಲಿ ಕೂತು ಹರಟೆಯೂ ಇಲ್ಲ.

ಮ್ಯಾನೇಜರ್ ಜಯದೇವಪ್ಪನವರು ಹಿಂದೆ ಮಿಲಿಟರಿಯ ಉಗ್ರಾಣದಲ್ಲಿದ್ದವರು. ಆಯುಧಪೂಜೆ ಬಂತೆಂದರೆ ಅವರಿಗೆ ಮೈಮೇಲೆ ಬಂದ ಹಾಗೆ. ಕಾಯಿ ಒಡೆಯುವ ಕತ್ತಿಯಿಂದ ಹಿಡಿದು ಬಾಯ್ಲರಿನ ತನಕ ಪ್ರತಿಯೊಂದನ್ನೂ ಬಿಚ್ಚಿ, ತೊಳೆದು, ಬೇಡದ್ದನ್ನು ಎಸೆದು, ಎಸೆದದ್ದನ್ನು ಒಂದು ರಿಜಿಸ್ಟರಿನಲ್ಲಿ ಬರೆಸಬೇಕು. ಆ ವರ್ಷ ಹಬ್ಬದ ಹಿಂದಿನ ದಿನ ಅವರ ಕಣ್ಣು ಕಂಪ್ಯೂಟರ್‌ಗಳ ಮೇಲೆ ಬಿತ್ತು. "ಹೊರಗೆ ಒರೆಸಿದ್ರೆ ಸಾಕಾ? ಒಳಗೂ ಕಸ ಇರುತ್ತಲ್ಲ" ಎಂದು ತಾವೇ ಕುಳಿತರು. ಆಗ ಇದ್ದದ್ದು ವಿಂಡೋಸ್ 98. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಆಡ್-ರಿಮೂವ್ ಪ್ರೋಗ್ರಾಮ್ಸ್ ತೆರೆದು, ವಿಂಡೋಸ್ ಸೆಟಪ್ ಒತ್ತಿದರೆ ಸಿಸ್ಟಮ್ಮಿನ ಜೊತೆಗೇ ಬಂದ ಸಾಮಾನುಗಳ ಪಟ್ಟಿ ಬರುತ್ತದೆ, ಒಂದೊಂದರ ಮುಂದೆಯೂ ಒಂದು ಟಿಕ್. ಜಯದೇವಪ್ಪನವರು ತಮಗೆ ಗುರುತು ಸಿಗದ ಪ್ರತಿಯೊಂದರ ಟಿಕ್ಕನ್ನೂ ತೆಗೆದು ಓಕೆ ಒತ್ತಿದರು. ಮೂರೂ ಮಿಷನ್‌ಗಳಲ್ಲಿ. ಆಮೇಲೆ ಕುಂಕುಮ, ಬೂದುಗುಂಬಳ, ಮಂಗಳಾರತಿ, ಸಿಹಿ ಬೂಂದಿ.

ರಿಜಿಸ್ಟರಿನ ಆ ಪುಟವನ್ನು ಆಮೇಲೆ ನಾನು ನೋಡಿದ್ದೇನೆ. 'ಕಂಪ್ಯೂಟರಿನ ಒಳಗಿನಿಂದ ತೆಗೆದುಹಾಕಿದ ಅನುಪಯುಕ್ತ ವಸ್ತುಗಳು' ಎಂಬ ತಲೆಬರಹ. ಒಂದು, ಇಸ್ಪೀಟು ಮತ್ತಿತರ ಆಟ. ಎರಡು, ಬಣ್ಣದ ಡಬ್ಬ. ಮೂರು, ಹಾಡು ಕೇಳುವ ಯಂತ್ರ. ನಾಲ್ಕು, ಏನೆಂದು ತಿಳಿಯದು. ಕೆಳಗೆ ಸಹಿ, ಮೊಹರು. ನಾನು ಈ ನಾಲ್ಕನೆಯ ಬಾಬ್ತನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದೇನೆಂದು ವಿಚಾರಿಸುವಷ್ಟು ಬುದ್ಧಿ ಬರಲಿಲ್ಲ.

ಹಬ್ಬ ಕಳೆದು ಎರಡು ದಿನಕ್ಕೆ ರುದ್ರಯ್ಯನವರು ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಫೋನ್ ಮಾಡಬಹುದಿತ್ತು. ಬಂದು, ಸುತ್ತ ನೋಡಿ, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಗಂಗಣ್ಣ, ಒಂದು ಉಪಕಾರ ಆಗ್ಬೇಕು ಕಣಪ್ಪ. ಮ್ಯಾನೇಜರ್‌ಗೆ ತಿಳೀಬಾರ್ದು."

"ಹೇಳಿ ರುದ್ರಯ್ಯನೋರೆ."

"ನನ್ನ ಮಿಷನ್‌ನಾಗೆ... ಇಸ್ಪೀಟ್ ಇತ್ತಲ್ಲ, ಅದನ್ನ ತೆಗೆದ್ಬುಟ್ಟವ್ರೆ. ಮೊದಲು ಹೆಂಗಿತ್ತೋ ಹಂಗೆ ಮಾಡ್ಕೊಡು."

ನಾನು ನಗು ತಡೆಯಲು ಹೋಗಿ ಕೆಮ್ಮಿದೆ. "ನೀವು ಇಸ್ಪೀಟ್ ಆಡ್ತೀರಾ?"

ಅವರು ನೆಲ ನೋಡಿದರು. "ಮನಸ್ಸಿಗೆ ಬೇಜಾರಾದಾಗ."

ಆ ಸಂಜೆ ಪಾರ್ವತಿಗೆ ಇದನ್ನು ಅಭಿನಯ ಸಮೇತ ಹೇಳಿ ನಗಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮಾರನೆಯ ದಿನ ತಿಂಗಳ ಸರ್ವಿಸ್ ನೆಪದಲ್ಲಿ ಕಾರ್ಖಾನೆಗೆ ಹೋದೆ. ತೆಗೆದ ಸಾಮಾನು ಮತ್ತೆ ಬರಬೇಕಾದರೆ ಟಿಕ್ ಹಾಕಬೇಕು, ಟಿಕ್ ಹಾಕಿದರೆ ಸಿಸ್ಟಮ್ ಮೂಲ ಸಿಡಿ ಕೇಳುತ್ತದೆ. ಸಿಡಿ ಎಲ್ಲಿ? ಬೀರುವಿನಲ್ಲಿ ಇಲ್ಲ. ರುದ್ರಯ್ಯನವರು ಕಿಟಕಿಯ ಕಡೆ ಬೆರಳು ತೋರಿಸಿದರು. ಹೊರಗೆ ಕಣದಲ್ಲಿ ಕಾಯಿಯಿಂದ ಹೆರೆದ ಕಂದು ಸಿಪ್ಪೆಯನ್ನು ಎಣ್ಣೆಗಾಗಿ ಒಣಗಲು ಹರಡಿದ್ದರು. ಅದರ ಮೇಲೆ ಅಡ್ಡಡ್ಡ ಕಟ್ಟಿದ ಹಗ್ಗದಲ್ಲಿ ಹತ್ತು ಹದಿನೈದು ಸಿಡಿಗಳು ಬಿಸಿಲಿಗೆ ಪಳಪಳ ಹೊಳೆಯುತ್ತ ತಿರುಗುತ್ತಿದ್ದವು. ಆಯುಧಪೂಜೆಯ ಶುಚಿಯಲ್ಲಿ ಬೀರು ಖಾಲಿ ಮಾಡಿದ ಮ್ಯಾನೇಜರ್, ಕಾಗೆ ಓಡಿಸಲು ಅವನ್ನೆಲ್ಲ ವಾಚ್‌ಮನ್ನಿಗೆ ಕೊಟ್ಟಿದ್ದರು.

ವಾಚ್‌ಮನ್ ಕರಿಯಪ್ಪ ಹುಳಿಯಾರು ಕಡೆಯ ಹಟ್ಟಿಯವನು, ಕುರಿ ಕಾದು ಬೆಳೆದ ಮನುಷ್ಯ. ನಾನು ಹಗ್ಗಕ್ಕೆ ಕೈ ಹಾಕಿದ್ದೇ ತಡ, ಕೋಲು ಹಿಡಿದು ಬಂದ. "ಏನ್ ಸಾಮಿ, ಅದನ್ ಬಿಚ್ಬ್ಯಾಡಿ! ಎಲ್ಡ್ ದಿನ ಆಯ್ತು, ಒಂದ್ ಕಾಗೆ ಇಳ್ದಿಲ್ಲ."

"ಇದ್ರಲ್ಲಿ ಒಂದು ಬೇಕು ಕರಿಯಪ್ಪ. ಕಂಪ್ಯೂಟರ್ದು."

"ಯಾವ್ದು ಬೇಕು? ಎಲ್ಲಾ ಒಂದೇ ಥರ ಹೊಳೀತವೆ."

ಒಂದೊಂದನ್ನೇ ತಿರುಗಿಸಿ ಹೆಸರು ಓದುತ್ತ ಹೋದೆ. ನಮಗೆ ಬೇಕಾದದ್ದು ಕೊನೆಯ ಸಾಲಿನಲ್ಲಿ ನೇತಾಡುತ್ತಿತ್ತು, ಅದರ ಮೇಲೆ ಕಾಗೆಗಳು ತಮ್ಮ ಅಭಿಪ್ರಾಯ ತಿಳಿಸಿ ಹೋಗಿದ್ದವು. ಒಂದೂ ಇಳಿದಿಲ್ಲ ಎಂಬ ಕರಿಯಪ್ಪನ ಮಾತು ಅಷ್ಟಕ್ಕಷ್ಟೇ ಎಂದು ಗೊತ್ತಾಯಿತು. ಬದಲಿಗೆ ನನ್ನ ಚೀಲದಲ್ಲಿದ್ದ ಕೆಟ್ಟ ಸಿಡಿಯೊಂದನ್ನು ಅವನಿಗೆ ಕೊಟ್ಟು, ಬೇಕಾದ ಸಿಡಿಯನ್ನು ತೊಳೆದು ಒರೆಸಿ ಒಳಗೆ ತಂದೆ. ಅದು ಗರಗರ ಎಂದು ಎರಡು ಸಲ ನಿಂತು ಮೂರನೆಯ ಸಲ ಓದಿತು. ಆಟಗಳ ಮುಂದೆ ಟಿಕ್ ಹಾಕಿ ಇಸ್ಪೀಟನ್ನು ಕೂರಿಸಿ ಎದೆಯುಬ್ಬಿಸಿ ಹೇಳಿದೆ: "ಆಡ್ಕೊಳ್ಳಿ."

ರುದ್ರಯ್ಯನವರು ಪರದೆಯನ್ನು ನೋಡಿದರು. ಮೌಸ್ ಹಿಡಿದು ಆ ಕಡೆ ಈ ಕಡೆ ಹುಡುಕಿದರು. ಮುಖ ಸಪ್ಪಗಾಯಿತು. "ಇಷ್ಟೇನಾ? ಬೇರೆ ಏನೂ ಬರಲಿಲ್ವಾ?"

"ಇಸ್ಪೀಟ್ ತಾನೇ ಕೇಳಿದ್ದು? ಇನ್ನೇನು, ಜೂಜಾಡಕ್ಕೆ ಜೊತೆಗಾರರೂ ಬೇಕಾ?"

"ಏನಿಲ್ಲ ಬುಡು."

ಹೊರಡುವಾಗ ನೋಡಿದರೆ ಪರದೆಯ ಗಾಜಿನ ಮೇಲೆ ಬಿಳಿಯ ಮೂರು ಗೆರೆ. ಒರೆಸುತ್ತ ಕೇಳಿದೆ: "ಏನ್ರೀ ಇದು, ಕಂಪ್ಯೂಟರ್‌ಗೂ ವಿಭೂತಿ ಹಚ್ತೀರಾ?" ಅವರೆಂದರು: "ಪೂಜೆ ಮಾಡ್ದೆ ಕಣಪ್ಪ." ಹಬ್ಬ ಕಳೆದು ಮೂರೇ ದಿನವಾಗಿತ್ತು. ನಂಬಿದೆ.

ಎರಡು ವಾರಕ್ಕೆ ಮ್ಯಾನೇಜರಿಂದಲೇ ಕರೆ. ಹೋದಾಗ ಕಚೇರಿಯಲ್ಲಿ ಪಂಚಾಯಿತಿ ನಡೆದಿತ್ತು. ಲೇಬಲ್‌ಗಳಲ್ಲಿ ಎರಡು ಸಲ ಅಂಕಿ ತಪ್ಪಿತ್ತಂತೆ. ಮೂರರ ಬದಲು ಎಂಟು. ಲೋಡ್ ಮಾಡುವವರು ನೋಡಿದ್ದರಿಂದ ಲಾರಿ ಹೋಗುವ ಮೊದಲೇ ಸಿಕ್ಕಿತು. ಕಾರಣ ಹುಡುಕಲು ಹೋದ ಮ್ಯಾನೇಜರಿಗೆ ರುದ್ರಯ್ಯನವರ ಮಿಷನ್‌ನಲ್ಲಿ ಇಸ್ಪೀಟ್ ಸಿಕ್ಕಿತ್ತು. ಸಿಪ್ಪೆ ಹೆರೆಯುವ ಹೆಂಗಸರೆಲ್ಲ ಬಾಗಿಲ ಬಳಿ ನಿಂತಿದ್ದರು.

"ಈ ವಯಸ್ಸಲ್ಲಿ, ಹಣೆ ತುಂಬ ವಿಭೂತಿ ಇಟ್ಕೊಂಡು, ಆಫೀಸಲ್ಲಿ ಕೂತು ಇಸ್ಪೀಟಾ? ಇನ್ನೊಂದು ಲೇಬಲ್ ತಪ್ಪಿದ್ರೆ ಮನೆಗೆ ಕಳಿಸ್ತೀನಿ ಕಣ್ರೀ!"

ರುದ್ರಯ್ಯನವರು ಕೈಕಟ್ಟಿ ನಿಂತಿದ್ದರು. "ತಪ್ಪಾಯ್ತು ಸಾರ್. ಇನ್ ಮೇಲೆ ಆಡಲ್ಲ." ಹೆಂಗಸರ ನಡುವಿನಿಂದ ಯಾರೋ "ಇಸ್ಪೀಟ್ ರುದ್ರಯ್ಯ" ಎಂದಳು. ಕಿಸಕ್ಕನೆ ನಗು ಎದ್ದಿತು. ಆ ಹೆಸರು ಅಂದೇ ಅವರಿಗೆ ಅಂಟಿತು.

ಮ್ಯಾನೇಜರ್ ನನಗೆ ಆಟ ತೆಗೆದುಹಾಕಲು ಹೇಳಿ ಕಣದ ಕಡೆ ಹೋದರು. ನಾನು ಮಿಷನ್ ಮುಂದೆ ಕೂತೆ. ಗಾಜಿನ ಮೇಲೆ ಮತ್ತೆ ಮೂರು ಬಿಳಿ ಗೆರೆ. ಹೊಸದು. ಆಯುಧಪೂಜೆ ಆಗಿ ಎರಡು ವಾರ ದಾಟಿತ್ತು.

ಆಗ ನನಗೆ ಯಜಮಾನರು ನೆನಪಾದರು. ಬಸ್ಸಿನ ಕಿಟಕಿಯಾಚೆ ನೋಡುತ್ತ ನಗುತ್ತಿದ್ದ ಮುಖ. ಎದ್ದು ನಿಂತು ಹೇಳಿದೆ: "ರುದ್ರಯ್ಯನೋರೆ, ನೀವು ಕೂತ್ಕೊಳ್ಳಿ. ಒಂದು ಸಾಲು ಹೊಡೀರಿ."

"ಯಾಕಪ್ಪ?"

"ಹೊಡೀರಿ, ಒಂದೇ ಸಾಲು."

ಅವರು ಕೂತರು. ಬೆರಳುಗಳು ಚೆನ್ನಾಗಿ ಓಡಿದವು. ನಲವತ್ತು ವರ್ಷ ಪಳಗಿದ ಕೈ. ಸಾಲು ಮುಗಿಯಿತು. ಬರೆದದ್ದನ್ನು ಓದಲು ಮುಂದೆ ಬಾಗಿದರು. ಇನ್ನೂ ಬಾಗಿದರು. ಹಣೆ ಹೋಗಿ ಗಾಜಿಗೆ ತಾಗಿತು. ಅಲ್ಲಿಂದಲೇ ತಲೆಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಒಂದೊಂದೇ ಅಕ್ಷರ ಓದಿದರು.

ಇಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೆ.

"ಎಷ್ಟು ದಿನದಿಂದ ಹಿಂಗೆ?"

"ಎಲ್ಡ್ ವರ್ಷ ಆಯ್ತು. ಕಣ್ಣಿನ ನರ ಸೊರಗೈತಂತೆ, ಕನ್ನಡಕಕ್ಕೆ ಬಗ್ಗಲ್ಲ ಅಂದವ್ರೆ ಡಾಕ್ಟ್ರು." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮಿಷನ್ ಹೊಸದಾಗಿ ಬಂದಾಗ ಕಲಿಸಕ್ಕೆ ಒಂದು ಹೆಣ್ಮಗಳು ಬಂದಿದ್ಲಲ್ಲ, ಆ ಯಮ್ಮ ಒಂದು ತೋರಿಸ್ಕೊಟ್ಟಿದ್ಲು. ಒತ್ತಿದ್ರೆ ಮೇಲುಗಡೆ ಒಂದು ಪಟ್ಟಿ ಬರೋದು. ಅದ್ರಾಗೆ ಅಕ್ಷರ ಇಷ್ಟಿಷ್ಟು ದಪ್ಪ ಕಾಣೋದು. ಯಾರಾರ ಬಂದ್ರೆ ಮುಚ್ಬುಡ್ತಿದ್ದೆ. ಹಬ್ಬ ಆದ್ಮೇಲೆ ಅದು ಇಲ್ಲ."

ಮ್ಯಾಗ್ನಿಫೈಯರ್! ಕಂಪ್ಯೂಟರಿನ ಒಳಗಿನ ಭೂತಗನ್ನಡಿ. ರಿಜಿಸ್ಟರಿನ ನಾಲ್ಕನೆಯ ಬಾಬ್ತು: ಏನೆಂದು ತಿಳಿಯದು.

"ನೆಟ್ಟಗೆ ಅದನ್ನೇ ಕೇಳೋದಲ್ವಾ? ಇಸ್ಪೀಟ್ ಯಾಕೆ ಅಂದ್ರಿ?"

"ಅದರ ಹೆಸರು ನಂಗೆ ಗೊತ್ತಿಲ್ಲ. ಇಸ್ಪೀಟ್ ವಾಪಸ್ ಹಾಕಿದ್ರೆ ಎಲ್ಲಾ ಒಟ್ಟಿಗೆ ಬತ್ತದೆ ಅಂದ್ಕೊಂಡೆ. ಅಕ್ಷರ ಕಾಣಲ್ಲ ಅಂತ ಬಾಯ್ಬಿಟ್ಟು ಹೇಳಿದ್ರೆ ಸುದ್ದಿ ನಿಲ್ತದಾ? ತೂಕದ ಸಿದ್ದಪ್ಪನ್ನ ನೋಡ್ಲಿಲ್ವಾ ನೀನು? ಮುಳ್ಳು ಕಾಣಲ್ಲ ಅಂದ. ಒಂದೇ ವಾರಕ್ಕೆ ಹಾರ ಹಾಕಿ ಕಳಿಸಿದ್ರು. ಇಸ್ಪೀಟ್ ಆಡೋನ್ನ ಬೈದು ಇಟ್ಕೋತಾರೆ ಕಣಪ್ಪ. ಕಣ್ಣಿಲ್ದೋನ್ನ ಇಟ್ಕೊಳಲ್ಲ."

ಕಳೆದ ಸಲ ಅವರ ಮೇಜಿನ ಡ್ರಾಯರಿನಲ್ಲೇ ಇಟ್ಟಿದ್ದ ಸಿಡಿ ತೆಗೆದೆ. ಪಟ್ಟಿಯಲ್ಲಿ ಆಟದ ಟಿಕ್ ತೆಗೆದು, ಕಣ್ಣು ಕಿವಿ ಮಂದವಾದವರ ನೆರವಿಗಿರುವ ಅಕ್ಸೆಸಿಬಿಲಿಟಿ ಎಂಬಲ್ಲಿ ಟಿಕ್ ಹಾಕಿದೆ. ಅರ್ಧ ದಾರಿಯಲ್ಲಿ ನಿಂತಿತು. ಒಂದು ಫೈಲು ಓದಲಾಗುತ್ತಿಲ್ಲ. ಒರೆಸಿದೆ, ಊದಿದೆ, ಷರಟಿಗೆ ಉಜ್ಜಿದೆ. ಕಣದ ಗೀರುಗಳು ಹಾಗೇ ಇದ್ದವು. ಕಿಟಕಿಯಾಚೆ ಮ್ಯಾನೇಜರ್ ಕರಿಯಪ್ಪನ ಜೊತೆ ಮಾತು ಮುಗಿಸಿ ಈ ಕಡೆ ತಿರುಗುತ್ತಿದ್ದರು. ರುದ್ರಯ್ಯನವರು ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದರು. "ಮನೇಲಿ ಬೆಳ್ಳಿ ಸಾಮಾನು ಇದ್ರಲ್ಲೇ ತಿಕ್ಕೋದು" ಎಂದು ಚೂರು ಪುಡಿ ಮಾಡಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿದರು. ಇದು ಯಾವ ಪುಸ್ತಕದಲ್ಲೂ ಇಲ್ಲ, ನೀವು ಮಾಡಲು ಹೋಗಬೇಡಿ. ಆದರೆ ಅಂದು ಸಿಡಿ ಓದಿತು. ರೀಸ್ಟಾರ್ಟ್ ಮಾಡಿದೆ. ಭೂತಗನ್ನಡಿ ತೆರೆದೆ. ಪರದೆಯ ಮೇಲ್ತುದಿಯಲ್ಲಿ ಪಟ್ಟಿ ಬಂತು, ಅಕ್ಷರಗಳು ಹೆಬ್ಬೆರಳಿನ ಗಾತ್ರಕ್ಕೆ ನಿಂತವು. ರುದ್ರಯ್ಯನವರು ಕುರ್ಚಿಗೆ ಒರಗಿಕೊಂಡರು. ಎರಡು ವಾರದಿಂದ ಅವರು ಬೆನ್ನು ಒರಗಿಸಿ ಕೂತಿರಲಿಲ್ಲ.

"ಏನ್ರೀ ಇದು, ಇಷ್ಟು ದಪ್ಪ ಅಕ್ಷರ?" ಮ್ಯಾನೇಜರ್ ಬಾಗಿಲಲ್ಲಿದ್ದರು.

ರುದ್ರಯ್ಯನವರ ಕೈ ಪಟ್ಟಿ ಮುಚ್ಚಲು ಓಡಿತು. ನಾನು ಆ ಕೈ ಹಿಡಿದುಕೊಂಡೆ. ಬಾಯಿಗೆ ಬಂದದ್ದನ್ನು ಹೇಳಿದೆ: "ಲೇಬಲ್ ತಪ್ಪು ಹಿಡಿಯೋ ಭೂತಗನ್ನಡಿ ಸಾರ್. ಪುಡೀಲಿ ಕಪ್ಪು ಚುಕ್ಕೆ ಹುಡುಕಕ್ಕೆ ಹೆಂಗಸರಿಗೆ ಗಾಜು ಕೊಟ್ಟಿಲ್ವಾ ನೀವು, ಅದೇ ಥರ. ಮೂರು ಯಾವುದು ಎಂಟು ಯಾವುದು, ಮೋಸ ಆಗಲ್ಲ. ಹಬ್ಬದ ಕ್ಲೀನಿಂಗಲ್ಲಿ ಹೋಗಿತ್ತು, ವಾಪಸ್ ಹಾಕಿದೀನಿ."

ಜಯದೇವಪ್ಪನವರು ಹತ್ತಿರ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ರಿಜಿಸ್ಟರ್ ತರಿಸಿದರು. ನಾಲ್ಕನೆಯ ಬಾಬ್ತನ್ನು ಹೊಡೆದುಹಾಕಿ ಬರೆದರು: 'ಏನೆಂದು ತಿಳಿಯಿತು. ಉಪಯುಕ್ತ.' ಸಹಿ, ಮೊಹರು. "ಮೂರೂ ಮಿಷನ್‌ಗೆ ಹಾಕ್ರಿ. ನನ್ನದಕ್ಕೆ ಮೊದಲು." ಮೂರನೆಯ ಮಿಷನ್ ಮುಂದೆ ಕೂರುತ್ತಿದ್ದ, ಕಣ್ಣು ಚೆನ್ನಾಗಿದ್ದ ಉಗ್ರಾಣದ ಹುಡುಗಿಗೂ ಕಡ್ಡಾಯವಾಯಿತು, ಅವಳು ನನ್ನನ್ನು ಶಪಿಸಿದಳು. ತಿಂಗಳ ನಂತರ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಕೇಳಿದರು: "ಆ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಕ್ಕಾಗುತ್ತಾ? ತಪ್ಪು ಚೆನ್ನಾಗಿ ಸಿಗಲಿ ಅಂತ, ಅಷ್ಟೇ."

ರುದ್ರಯ್ಯನವರು ಉಳಿದ ಒಂದೂವರೆ ವರ್ಷವನ್ನು ಅದೇ ಕುರ್ಚಿಯಲ್ಲಿ ಮುಗಿಸಿದರು. ಒಂದು ಲೇಬಲ್ಲೂ ತಪ್ಪಲಿಲ್ಲ. ಬೀಳ್ಕೊಡುಗೆಯ ದಿನ ಮ್ಯಾನೇಜರ್ ಭಾಷಣದಲ್ಲೂ "ನಮ್ಮ ಇಸ್ಪೀಟ್ ರುದ್ರಯ್ಯ" ಎಂದರು, ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು, ರುದ್ರಯ್ಯನವರೂ ನಕ್ಕರು. ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಗುಟ್ಟು ಕಾಯಬೇಕಾದ ಕೆಲಸ ಉಳಿದಿಲ್ಲ. ಅದಕ್ಕೇ ಈಗಲಾದರೂ ಅಚ್ಚಿನಲ್ಲಿ ಬರಲಿ ಎಂದು ಬರೆಯುತ್ತಿದ್ದೇನೆ: ಆ ಮನುಷ್ಯ ಜೀವಮಾನದಲ್ಲಿ ಇಸ್ಪೀಟ್ ಎಲೆ ಮುಟ್ಟಿದವರಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ನಮ್ಮ ಯಜಮಾನರು ಹೇಳಿದ್ದನ್ನೇ. ಮೊದಲು ಒಂದು ಸಾಲು ಹೊಡೆಸಿ, ಅವರನ್ನು ನೋಡಿ.

ಇದನ್ನು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದೇನೆ, ನಾಲ್ಕು ದಿನದಿಂದ. ನಿನ್ನೆ ಪಾರ್ವತಿ ಮೇಜು ಒರೆಸಲು ಬಂದವಳು ಪರದೆಯ ಮುಂದೆ ನಿಂತುಬಿಟ್ಟಳು. "ಇದೇನ್ರೀ, ಗಾಜಿನ ಮೇಲೆ ಮೂರು ಗೆರೆ? ಕಂಪ್ಯೂಟರ್‌ಗೂ ವಿಭೂತಿ ಹಚ್ತೀರಾ?"

ನಾನು ಹಣೆಯ ವಿಭೂತಿ ಮುಟ್ಟಿಕೊಂಡೆ.

"ಪೂಜೆ ಮಾಡ್ದೆ ಕಣೇ" ಎಂದೆ.